ಸ್ಪೇಸ್ ಬಾರ್ ಬಿಟ್ಟರೆ ಅರ್ಧ ತೊಂದರೆ ಹೋಯಿತು

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನವಳು, ಬಿ.ಕಾಂ. ಓದಿದ್ದೇನೆ. ಪಕ್ಕದ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಈಚೆಗೆ ಕೆಲಸಕ್ಕೆ ಸೇರಿದೆ. ಸೆಕ್ರೆಟರಿ ಸರ್ ಕೈಯಲ್ಲಿ ಬರೆದುಕೊಟ್ಟ ಪತ್ರ, ಸಭೆಯ ನೋಟಿಸ್, ಸದಸ್ಯರ ಪಟ್ಟಿ ಎಲ್ಲವನ್ನೂ ವರ್ಡ್‌ನಲ್ಲಿ ಟೈಪ್ ಮಾಡಿಕೊಡಬೇಕು. ಓದುವಾಗ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ, ಆದರೆ ಈಗ ಒಂದು ಪತ್ರಕ್ಕೆ ಅರ್ಧ ದಿನ ಹಿಡಿಯುತ್ತಿದೆ. ಒಂದು ಪದ ತಿದ್ದಿದರೆ ಕೆಳಗಿನದೆಲ್ಲ ಜರುಗಿಬಿಡುತ್ತದೆ. ಫೈಲನ್ನು ಚಿಕ್ಕಬಳ್ಳಾಪುರಕ್ಕೆ ಮೇಲ್ ಮಾಡಿದರೆ ಅಲ್ಲಿ ಕನ್ನಡದ ಬದಲು ಏನೇನೋ ಅಕ್ಷರ ಕಾಣುತ್ತವಂತೆ. ಮುಂದಿನ ತಿಂಗಳು ವಾರ್ಷಿಕ ಸರ್ವ ಸದಸ್ಯರ ಸಭೆ ಇದೆ. ಒಬ್ಬೊಬ್ಬ ಸದಸ್ಯರ ಹೆಸರು ಹಾಕಿ ನೋಟಿಸ್ ಕಳಿಸಬೇಕು. ಮತ್ತೊಂದು ಕೋರ್ಸ್ ಸೇರಲೇ? ಮೊದಲು ಯಾವುದನ್ನು ಕಲಿಯಲಿ?

ಉತ್ತರ: ಕೋರ್ಸ್ ಸದ್ಯಕ್ಕೆ ಬೇಡ. ನಿಮಗೆ ಟೈಪಿಂಗ್ ಬರುತ್ತದೆ, ಫೈಲ್ ತೆರೆಯುವುದು, ಉಳಿಸುವುದು, ಪ್ರಿಂಟ್ ಕೊಡುವುದು ಬರುತ್ತದೆ. ಉಳಿದದ್ದನ್ನು ನಿಮ್ಮ ಸಂಘದ ಪತ್ರಗಳನ್ನೇ ಮುಂದಿಟ್ಟುಕೊಂಡು ಕಲಿಯಬಹುದು. ನಾನು ತುಮಕೂರಿನಲ್ಲಿ ಕಚೇರಿ ಕೆಲಸದವರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಗುಬ್ಬಿ, ತಿಪಟೂರು, ಮಧುಗಿರಿ ಕಡೆಯಿಂದ ಬರುವವರೂ ಹೆಚ್ಚುಕಡಿಮೆ ನಿಮ್ಮ ಮಾತನ್ನೇ ಹೇಳುತ್ತಾರೆ. ಕ್ಲಾಸುಗಳಲ್ಲಿ ಇವತ್ತು ಹೋಮ್ ಟ್ಯಾಬ್, ನಾಳೆ ಇನ್ಸರ್ಟ್ ಟ್ಯಾಬ್ ಅಂತ ಬಟನ್‌ಗಳನ್ನು ಸಾಲಾಗಿ ತೋರಿಸಿಬಿಡುತ್ತಾರೆ. ಒಂದು ಪತ್ರ ಕೈಗೆ ಬಂದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ತಪ್ಪು ನಿಮ್ಮದಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಈಗಾಗಲೇ ಟೈಪ್ ಮಾಡಿರುವ ಒಂದು ಪತ್ರ ತೆರೆಯಿರಿ. ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಕೀಬೋರ್ಡಿನ ಮೇಲಿನ ಸಾಲಿನ 8 ಒತ್ತಿ. ಪರದೆಯ ಮೇಲೆ ಇಷ್ಟು ದಿನ ಕಾಣದ ಗುರುತುಗಳು ಕಾಣುತ್ತವೆ. ಒಂದು ಚುಕ್ಕಿ ಅಂದರೆ ಒಂದು ಸ್ಪೇಸ್. ಬಾಣ ಅಂದರೆ ಟ್ಯಾಬ್. ಕಂಬದ ಹಾಗಿರುವ ಗುರುತು ಅಂದರೆ ಅಲ್ಲಿ ಎಂಟರ್ ಒತ್ತಿದ್ದೀರಿ. ಈಗ 'ದಿನಾಂಕ' ಎನ್ನುವ ಪದದ ಹಿಂದೆ ನೋಡಿ. ಚುಕ್ಕಿಗಳ ದೊಡ್ಡ ಸಾಲೇ ಇರುತ್ತದೆ, ಅಲ್ವಾ? ಸಹಿಯ ಜಾಗದ ಮೇಲೆ ಕಂಬಗಳ ಸಾಲು. ಪ್ರತಿ ಸಾಲಿನ ಕೊನೆಗೂ ಒಂದೊಂದು ಕಂಬ ಇದ್ದರೆ, ಸಾಲು ತುಂಬಿದಾಗೆಲ್ಲ ನೀವೇ ಎಂಟರ್ ಒತ್ತಿದ್ದೀರಿ ಅಂತ ಅರ್ಥ.

ನಿಮ್ಮ ಪತ್ರ ಜರುಗುವುದಕ್ಕೆ ಕಾರಣ ಇದೇ. ಇಲ್ಲಿ ಒಂದೊಂದು ಅಕ್ಷರದ ಅಗಲ ಒಂದೊಂದು ಥರ. 'ರ' ಚಿಕ್ಕದು, 'ಕ್ಷ' ಅಗಲ. ಫಾಂಟ್ ಬದಲಾದರೆ ಆ ಅಗಲವೂ ಬದಲಾಗುತ್ತದೆ. ಸ್ಪೇಸ್ ಒತ್ತಿ ಒತ್ತಿ ದಿನಾಂಕವನ್ನು ಬಲಕ್ಕೆ ತಳ್ಳಿದರೆ ಅದು ಇವತ್ತು, ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಸರಿಯಾಗಿ ನಿಲ್ಲುತ್ತದೆ. ಬೇರೆ ಕಂಪ್ಯೂಟರಿಗೆ ಹೋದ ಕೂಡಲೇ ಕೆಡುತ್ತದೆ. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ: ಎರಡು ಪದದ ನಡುವೆ ಒಂದೇ ಸ್ಪೇಸ್, ಒಂದು ಪ್ಯಾರಾ ಮುಗಿದರೆ ಒಂದೇ ಎಂಟರ್. ಜಾಸ್ತಿ ಬೇಕು ಅನ್ನಿಸಿದಾಗೆಲ್ಲ ಅದಕ್ಕೆ ಬೇರೆ ದಾರಿ ಇದೆ ಅಂತ ತಿಳಿಯಿರಿ. ವರ್ಡ್ ಕಲಿಯುವುದು ಅಂದರೆ ಬಹುಪಾಲು ಆ ಬೇರೆ ದಾರಿಗಳನ್ನು ಕಲಿಯುವುದೇ.

ಸಂಘದ ಒಂದು ಸಾಮಾನ್ಯ ಪತ್ರವನ್ನೇ ತೆಗೆದುಕೊಳ್ಳೋಣ. ಹೊಸ ಫೈಲ್ ತೆರೆದ ಕೂಡಲೇ ಲೇಔಟ್ ಟ್ಯಾಬ್‌ಗೆ ಹೋಗಿ ಕಾಗದದ ಅಳತೆ ಎ4 ಇದೆಯಾ ನೋಡಿ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಲೆಟರ್ ಎಂದಿರುತ್ತದೆ. ಅದು ಅಮೆರಿಕದ ಅಳತೆ, ಎಂಟೂವರೆ ಇಂಚು ಅಗಲ, 11 ಇಂಚು ಉದ್ದ. ನಮ್ಮ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಪರದೆಯಲ್ಲಿ ಒಂದೇ ಪುಟ ಇದ್ದದ್ದು ಪ್ರಿಂಟಿನಲ್ಲಿ ಬೇರೆ ಥರ ಬರುವುದಕ್ಕೆ ಇದೂ ಒಂದು ಕಾರಣ. ಎಡಗಡೆ ಮಾರ್ಜಿನ್ ಒಂದೂವರೆ ಇಂಚು ಇಡಿ. ಫೈಲಿಗೆ ಹಾಕಲು ಪಂಚ್ ಮಾಡಿದಾಗ ಅಕ್ಷರ ತೂತಾಗುವುದಿಲ್ಲ.

ಪತ್ರದ ತಲೆಯಲ್ಲಿ ಎಡಕ್ಕೆ ಪತ್ರ ಸಂಖ್ಯೆ, ಅದೇ ಸಾಲಿನಲ್ಲಿ ಬಲಕ್ಕೆ ದಿನಾಂಕ ಬೇಕು. ವ್ಯೂ ಟ್ಯಾಬ್‌ನಲ್ಲಿ ರೂಲರ್ ಆನ್ ಮಾಡಿ. ರೂಲರಿನ ಎಡ ತುದಿಯಲ್ಲಿ ಪುಟ್ಟ ಚೌಕವೊಂದು ಕಾಣುತ್ತದೆ. ಅದನ್ನು ಒತ್ತುತ್ತಾ ಹೋದರೆ ಗುರುತು ಬದಲಾಗುತ್ತದೆ. ರೈಟ್ ಟ್ಯಾಬ್ ಬಂದಾಗ ನಿಲ್ಲಿಸಿ. ಮೌಸ್ ಅಲ್ಲಿಟ್ಟರೆ ಹೆಸರು ತೋರಿಸುತ್ತದೆ. ಆಮೇಲೆ ರೂಲರಿನ ಮೇಲೆ, ಬಲ ಮಾರ್ಜಿನ್ ಹತ್ತಿರ ಒಂದು ಸಲ ಕ್ಲಿಕ್ ಮಾಡಿ. ಈಗ ಪತ್ರ ಸಂಖ್ಯೆ ಬರೆದು, ಒಂದೇ ಒಂದು ಸಲ ಟ್ಯಾಬ್ ಒತ್ತಿ, ದಿನಾಂಕ ಬರೆಯಿರಿ. ಅದು ಬಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಪತ್ರ ಸಂಖ್ಯೆ ಉದ್ದವಾದರೂ ದಿನಾಂಕ ಅಲ್ಲಾಡುವುದಿಲ್ಲ.

ಇನ್ನು 'ವಿಷಯ' ಎನ್ನುವ ಸಾಲು. ಸಹಕಾರ ಸಂಘದ ಪತ್ರಗಳಲ್ಲಿ ವಿಷಯ ಒಂದೇ ಸಾಲಿಗೆ ಮುಗಿಯುವುದು ಕಡಿಮೆ. ಎರಡನೇ ಸಾಲು ಎಡ ತುದಿಗೆ ಬಂದು 'ವಿಷಯ' ಪದದ ಕೆಳಗೆ ನಿಂತರೆ ನೋಡಲು ಚೆನ್ನಾಗಿರುವುದಿಲ್ಲ. ಅದನ್ನು ಸ್ಪೇಸ್ ಒತ್ತಿ ಒಳಕ್ಕೆ ತಳ್ಳಬೇಡಿ. ಆ ಪ್ಯಾರಾದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಟಿ ಒತ್ತಿ. ಮೊದಲ ಸಾಲು ಅಲ್ಲೇ ಇರುತ್ತದೆ, ಉಳಿದ ಸಾಲುಗಳು ಒಳಕ್ಕೆ ಸರಿಯುತ್ತವೆ. 'ವಿಷಯ:' ಆದ ಮೇಲೆ ಒಂದು ಟ್ಯಾಬ್ ಒತ್ತಿದರೆ ಎಲ್ಲ ಸಾಲೂ ಒಂದೇ ನೇರಕ್ಕೆ ಬರುತ್ತವೆ. 'ಉಲ್ಲೇಖ' ಸಾಲಿಗೂ ಹೀಗೇ. ಇದೊಂದು ಬಂದರೆ ನಿಮ್ಮ ಪತ್ರದ ಕಳೆಯೇ ಬದಲಾಗುತ್ತದೆ.

ಪ್ಯಾರಾಗಳ ನಡುವೆ ಜಾಗ ಬೇಕಾದರೆ ಖಾಲಿ ಎಂಟರ್ ಬೇಡ. ಪ್ಯಾರಾಗ್ರಾಫ್ ಪೆಟ್ಟಿಗೆಯಲ್ಲಿ ಸ್ಪೇಸಿಂಗ್ ಆಫ್ಟರ್ ಅಂತ ಇದೆ, ಅಲ್ಲಿ 6 ಅಥವಾ 8 ಪಾಯಿಂಟ್ ಕೊಡಿ. ಹೊಸ ಪುಟ ಬೇಕಾದರೆ ಕಂಟ್ರೋಲ್ ಎಂಟರ್. ಸುಮ್ನೆ ಎಂಟರ್ ಒತ್ತುತ್ತಾ ಮುಂದಿನ ಪುಟಕ್ಕೆ ಇಳಿಯಬೇಡಿ.

ಸಹಿಯ ಜಾಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಅಲ್ಲೇ. ಎಡಕ್ಕೆ ಕಾರ್ಯದರ್ಶಿ, ಬಲಕ್ಕೆ ಅಧ್ಯಕ್ಷರು. ಕೆಳಗೆ ಇಬ್ಬರ ಹೆಸರು, ಅದರ ಕೆಳಗೆ ಸಂಘದ ಹೆಸರು. ಇದಕ್ಕೆ ಎರಡು ಕಾಲಂ ಇರುವ ಒಂದು ಟೇಬಲ್ ಹಾಕಿ. ಒಂದೊಂದು ಮನೆಯಲ್ಲಿ ಒಬ್ಬೊಬ್ಬರ ವಿವರ ಬರೆದು, ಅಕ್ಷರಗಳನ್ನು ಕಂಟ್ರೋಲ್ ಇ ಒತ್ತಿ ಮಧ್ಯಕ್ಕೆ ತನ್ನಿ. ಆಮೇಲೆ ಟೇಬಲ್ಲಿನ ಗೆರೆಗಳನ್ನು ನೋ ಬಾರ್ಡರ್ ಮಾಡಿ. ಪ್ರಿಂಟಿನಲ್ಲಿ ಟೇಬಲ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಇನ್ನೊಂದು ತೊಂದರೆ ಇದೆ. ಪತ್ರ ಒಂದು ಪುಟಕ್ಕಿಂತ ಸ್ವಲ್ಪ ಉದ್ದವಾದರೆ ಸಹಿ ಮಾತ್ರ ಎರಡನೇ ಪುಟಕ್ಕೆ ಹೋಗಿ ಒಂಟಿಯಾಗಿ ನಿಲ್ಲುತ್ತದೆ. ಬರೀ ಸಹಿ ಇರುವ ಹಾಳೆಯನ್ನು ಯಾವ ಕಚೇರಿಯೂ ಇಷ್ಟಪಡುವುದಿಲ್ಲ, ಮತ್ತು ಅದು ಸರಿಯೂ ಹೌದು. ಆ ಹಾಳೆಯನ್ನು ಬೇರೆ ಯಾವ ಪತ್ರಕ್ಕಾದರೂ ಸೇರಿಸಬಹುದಲ್ಲ. ಇದಕ್ಕೆ ಕೊನೆಯ ಪ್ಯಾರಾವನ್ನು ಆಯ್ಕೆ ಮಾಡಿ, ಪ್ಯಾರಾಗ್ರಾಫ್ ಪೆಟ್ಟಿಗೆಯ ಎರಡನೇ ಟ್ಯಾಬ್‌ನಲ್ಲಿ ಕೀಪ್ ವಿತ್ ನೆಕ್ಸ್ಟ್ ಗುರುತು ಹಾಕಿ. ಆಗ ಆ ಪ್ಯಾರಾ ಸಹಿಯ ಜೊತೆಗೇ ಮುಂದಿನ ಪುಟಕ್ಕೆ ಹೋಗುತ್ತದೆ.

ಹೀಗೆ ಒಂದು ಪತ್ರ ಅಚ್ಚುಕಟ್ಟಾಗಿ ಬಂದ ಮೇಲೆ ಅದರೊಳಗಿನ ವಿಷಯ ಅಳಿಸಿ, ಸಂಘದ ಹೆಸರು, ವಿಳಾಸ, 'ಮಾನ್ಯರೇ', ಸಹಿಯ ಟೇಬಲ್ ಇಷ್ಟನ್ನು ಉಳಿಸಿಕೊಳ್ಳಿ. ಸೇವ್ ಆಸ್‌ಗೆ ಹೋಗಿ ವರ್ಡ್ ಟೆಂಪ್ಲೇಟ್ ಎಂದು ಉಳಿಸಿ. ನಾಳೆಯಿಂದ ಪ್ರತಿ ಪತ್ರ ಅದರಿಂದಲೇ ಶುರು. ಹಳೇ ಪತ್ರದ ಮೇಲೆ ಹೊಸದನ್ನು ಬರೆದು ಸೇವ್ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ. ಹಳೆಯದರ ದಿನಾಂಕ ಹಾಗೇ ಉಳಿಯುವುದು, ಹಳೆಯ ಪತ್ರವೇ ಅಳಿಸಿಹೋಗುವುದು ಎಲ್ಲ ಅದರಿಂದಲೇ.

ಈಗ ನಿಮ್ಮ ಎರಡನೇ ತೊಂದರೆ, ಚಿಕ್ಕಬಳ್ಳಾಪುರದಲ್ಲಿ ಕನ್ನಡ ಕೆಟ್ಟು ಕಾಣುವುದು. ಹಳೆಯ ರೀತಿಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿವೆ. ನೀವು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಫೈಲಿನ ಒಳಗೆ ಕನ್ನಡ ಇರುವುದೇ ಇಲ್ಲ. 'ಕ' ಇರುವ ಕಡೆ ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೆರೆ ಇರುವ ಒಂದು ಎ ಇರುತ್ತದೆ. 'ನ' ಇರುವ ಕಡೆ ಬ್ರಿಟಿಷ್ ಪೌಂಡಿನ ಗುರುತು ಇರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರ್ ಮಾತ್ರ ಅವನ್ನು ಕನ್ನಡವಾಗಿ ಬಿಡಿಸಿ ತೋರಿಸುತ್ತದೆ. ಚಿಕ್ಕಬಳ್ಳಾಪುರದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಅವರಿಗೆ ಪಿ ಮತ್ತು ಪೌಂಡ್ ಗುರುತು ಕಂಡಿದೆ, ಅಷ್ಟೇ.

ಇದಕ್ಕೆ ಪರಿಹಾರ ಯೂನಿಕೋಡ್, ಅಂದರೆ ಲೋಕದ ಭಾಷೆಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟಿರುವ ಪದ್ಧತಿ. ಅದರಲ್ಲಿ ಕನ್ನಡಕ್ಕೆ ಅದರದೇ 128 ಜಾಗಗಳಿವೆ. 'ಕ' ಎಂದರೆ ಲೋಕದ ಯಾವ ಕಂಪ್ಯೂಟರಿನಲ್ಲೂ, ಫೋನಿನಲ್ಲೂ 'ಕ' ಎಂದೇ ಅರ್ಥ. ಫಾಂಟ್ ಬದಲಾದರೆ ಆಕಾರ ಸ್ವಲ್ಪ ಬದಲಾಗಬಹುದು, ಅಕ್ಷರ ಬದಲಾಗುವುದಿಲ್ಲ. ಇದರಿಂದ ಕಚೇರಿಗೆ ಇನ್ನೂ ಎರಡು ಲಾಭ ಇವೆ. ಕಂಟ್ರೋಲ್ ಎಫ್ ಒತ್ತಿ ಸದಸ್ಯರ ಹೆಸರನ್ನು ಕನ್ನಡದಲ್ಲೇ ಹುಡುಕಬಹುದು. ಪಟ್ಟಿಯನ್ನು ಅ ಆ ಇ ಈ ಕ್ರಮದಲ್ಲಿ ಜೋಡಿಸಬಹುದು. ಹಳೆಯ ಫಾಂಟಿನಲ್ಲಿ ಈ ಎರಡೂ ಸರಿಯಾಗಿ ಆಗುವುದಿಲ್ಲ.

ನಿಮ್ಮ ಫೈಲ್ ಯಾವ ಥರದ್ದು ಅಂತ ತಿಳಿಯಲು ಒಂದು ಸುಲಭ ಉಪಾಯ. ಒಂದು ಕನ್ನಡ ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಗೊಂದಲ ಬಂದರೆ ಹಳೆಯದು. ಹಳೆಯದಾದರೆ ಹೊಸ ಪತ್ರಗಳನ್ನು ಇವತ್ತಿನಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ನುಡಿಯಲ್ಲೂ, ಬರಹ ಎಂಬ ಇನ್ನೊಂದು ತಂತ್ರಾಂಶದಲ್ಲೂ ಯೂನಿಕೋಡ್ ಆಯ್ಕೆ ಇದೆ. ಏನೂ ಹಾಕಿಕೊಳ್ಳದೆ ಬರೆಯುವುದಾದರೆ ವಿಂಡೋಸ್ 10 ಮತ್ತು 11ರ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿದರೂ ಸಾಕು. ಕನ್ನಡ ಇಂಗ್ಲಿಷ್ ನಡುವೆ ಬದಲಾಯಿಸಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಬೇಕು. ಫಾಂಟಿಗೆ ನಿರ್ಮಲಾ ಯುಐ ಅಥವಾ ತುಂಗಾ ಇಡಿ. ನಿರ್ಮಲಾ ಯುಐ ವಿಂಡೋಸ್ ಜೊತೆಗೇ ಬರುತ್ತದೆ, ತುಂಗಾ ವಿಂಡೋಸ್‌ಗೆ ಕನ್ನಡ ಸೇರಿಸಿದಾಗ ಬರುತ್ತದೆ. ನೋಟೋ ಸೆರಿಫ್ ಕನ್ನಡ ಕೂಡ ಉಚಿತ, ಅಚ್ಚಿನಲ್ಲಿ ಚೆನ್ನಾಗಿ ಕಾಣುತ್ತದೆ.

ಯಾವ ಕೀಲಿಮಣೆ ಕಲಿಯಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಬರೆದಂತೆ ಬರೆದು ಕನ್ನಡ ಪಡೆಯುವ ವಿಧಾನ ಶುರುವಿಗೆ ಸುಲಭ. ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ನುಡಿಯಲ್ಲಿರುವ ಕ.ಗ.ಪ. (ಕನ್ನಡ ಗಣಕ ಪರಿಷತ್ತು) ವಿನ್ಯಾಸವೇ ಮೇಲು. ಇದರ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಇದರಲ್ಲಿ ಕೆ ಒತ್ತಿದರೆ 'ಕ', ಶಿಫ್ಟ್ ಹಿಡಿದು ಕೆ ಒತ್ತಿದರೆ 'ಖ'. ಎಫ್ ಒತ್ತಿದರೆ ಹಿಂದಿನ ಅಕ್ಷರ ಅರ್ಧವಾಗಿ, ಮುಂದಿನದು ಒತ್ತಾಗಿ ಕೂರುತ್ತದೆ. 'ಕನ್ನಡ' ಬರೆಯಲು ಐದೇ ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. 'ಟ' ಕ್ಯೂನಲ್ಲಿ, 'ಡ' ಡಬ್ಲ್ಯೂನಲ್ಲಿ, 'ಷ' ಎಕ್ಸ್‌ನಲ್ಲಿ ಇದೆ. ಈ ಮೂರು ಮೊದಲು ಕೈಗೆ ಹಿಡಿಯುವುದಿಲ್ಲ, ಆಮೇಲೆ ಮರೆಯುವುದೂ ಇಲ್ಲ. ಒಂದೊಂದು ಅಕ್ಷರಕ್ಕೂ ಕಡಿಮೆ ಕೀಲಿ ಸಾಕು, ಪರದೆ ಏನು ಪದ ಸೂಚಿಸುತ್ತದೆ ಅಂತ ಕಾಯಬೇಕಿಲ್ಲ. ದಿನಾ ಅರ್ಧ ಗಂಟೆ ಸಂಘದ ಹಳೆಯ ನಡವಳಿಗಳನ್ನು ನೋಡಿಕೊಂಡು ಟೈಪ್ ಮಾಡಿ. ಕೈಗೆ ವೇಗವೂ ಬರುತ್ತದೆ, ಕಚೇರಿಯ ಭಾಷೆಯೂ ರೂಢಿಯಾಗುತ್ತದೆ.

ಹಾಲಿನ ಸಂಘದಲ್ಲಿ ಇರುವುದರಿಂದ ಇನ್ನೊಂದು ಸಣ್ಣ ವಿಷಯ ನಿಮಗೆ ಬೇಕೇ ಬೇಕು. 'ಲೀಟರ್‌ಗೆ' ಎಂದು ಬರೆಯಲು ಹೋದರೆ ಅದು 'ಲೀಟರ್ಗೆ' ಆಗಿಬಿಡುತ್ತದೆ, 'ಗೆ' ಪಕ್ಕದಲ್ಲಿ ಅರ್ಕಾವತ್ತು ಬಂದು ಕೂರುತ್ತದೆ. 'ಬ್ಯಾಂಕ್‌ನಲ್ಲಿ' ಎಂದರೆ ಕ್‌ಗೆ ನ ಒತ್ತು ಬೀಳುತ್ತದೆ. ಜನ ಇದಕ್ಕೆ ನಡುವೆ ಸ್ಪೇಸ್ ಕೊಟ್ಟು 'ಲೀಟರ್ ಗೆ' ಎಂದು ಬರೆಯುತ್ತಾರೆ. ಸಾಲು ಮುರಿದಾಗ 'ಗೆ' ಮಾತ್ರ ಮುಂದಿನ ಸಾಲಿಗೆ ಹೋಗಿ ನಿಲ್ಲುತ್ತದೆ. ಇದಕ್ಕೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಅಕ್ಷರ ಇದೆ. 'ಲೀಟರ್' ಬರೆದ ಮೇಲೆ ಕೀಬೋರ್ಡನ್ನು ಇಂಗ್ಲಿಷಿಗೆ ತಂದು, ಎರಡು, ಸೊನ್ನೆ, ಸೊನ್ನೆ, ಸಿ ಎಂದು ಟೈಪ್ ಮಾಡಿ ತಕ್ಷಣ ಆಲ್ಟ್ ಎಕ್ಸ್ ಒತ್ತಿ. ಆ ನಾಲ್ಕು ಅಕ್ಷರ ಮಾಯವಾಗಿ ಅದರ ಜಾಗದಲ್ಲಿ ಕಾಣದ ಅಕ್ಷರ ಕೂರುತ್ತದೆ. ಈಗ ಕನ್ನಡಕ್ಕೆ ಬಂದು 'ಗೆ' ಬರೆಯಿರಿ. ಪ್ರತಿ ಸಲ ಇಷ್ಟು ಮಾಡಲು ಆಗುವುದಿಲ್ಲ ನಿಜ. ಸುಲಭ ದಾರಿ ಏನೆಂದರೆ ಇಡೀ ಪತ್ರ ಬರೆದು ಮುಗಿಸಿ, ಕಂಟ್ರೋಲ್ ಎಚ್ ಒತ್ತಿ, ತಪ್ಪು ರೂಪವನ್ನು ಸರಿ ರೂಪಕ್ಕೆ ಒಂದೇ ಸಲ ಬದಲಿಸುವುದು. ಸರಿ ರೂಪವನ್ನು ಒಮ್ಮೆ ಬರೆದಿಟ್ಟ ಕಡೆಯಿಂದ ಕಾಪಿ ಮಾಡಿ ತಂದರಾಯಿತು. ರೂಪಾಯಿ ಗುರುತು ಬೇಕಾದಾಗಲೂ ಇದೇ ಉಪಾಯ: ಎರಡು, ಸೊನ್ನೆ, ಬಿ, ಒಂಬತ್ತು, ಆಮೇಲೆ ಆಲ್ಟ್ ಎಕ್ಸ್.

ಇನ್ನು ಸಭೆಯ ನೋಟಿಸ್. ಹೆಸರು ಬದಲಿಸುತ್ತಾ ಒಂದೊಂದೇ ನೋಟಿಸ್ ಟೈಪ್ ಮಾಡಲು ಕೂರಬೇಡಿ. ಇದಕ್ಕೆಂದೇ ವರ್ಡ್‌ನಲ್ಲಿ ಮೇಲ್ ಮರ್ಜ್ ಇದೆ, ಅಂದರೆ ಒಂದೇ ಪತ್ರಕ್ಕೆ ಪಟ್ಟಿಯಲ್ಲಿರುವ ಹೆಸರುಗಳನ್ನು ತಾನಾಗೇ ಒಂದೊಂದಾಗಿ ಸೇರಿಸಿಕೊಡುವ ಸೌಲಭ್ಯ. ಕಚೇರಿ ಕೆಲಸಕ್ಕೆ ಇದಕ್ಕಿಂತ ಉಪಯೋಗದ್ದು ವರ್ಡ್‌ನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕ್ಲಾಸುಗಳಲ್ಲಿ ಇದನ್ನು ಕೊನೆಗೆ ಅವಸರದಲ್ಲಿ ಮುಗಿಸಿಬಿಡುತ್ತಾರೆ.

ಮೊದಲು ಎಕ್ಸೆಲ್‌ನಲ್ಲಿ ಸದಸ್ಯರ ಪಟ್ಟಿ ಮಾಡಿಕೊಳ್ಳಿ. ಮೊದಲನೇ ಸಾಲಿನಲ್ಲಿ ತಲೆಬರಹಗಳು ಮಾತ್ರ ಇರಲಿ: ಸದಸ್ಯತ್ವ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು. ಅದರ ಮೇಲೆ ಸಂಘದ ಹೆಸರನ್ನು ದೊಡ್ಡದಾಗಿ ಬರೆಯಬೇಡಿ, ಖಾಲಿ ಸಾಲು ಬಿಡಬೇಡಿ. ಎರಡನೇ ಸಾಲಿನಿಂದ ಒಂದು ಸಾಲಿಗೆ ಒಬ್ಬ ಸದಸ್ಯರು. ಪಟ್ಟಿ ಸೇವ್ ಮಾಡಿ ಮುಚ್ಚಿ.

ಆಮೇಲೆ ವರ್ಡ್‌ನಲ್ಲಿ ನೋಟಿಸ್ ಬರೆಯಿರಿ. ಸಭೆಯ ದಿನಾಂಕ, ಸಮಯ, ಜಾಗ, ಕಾರ್ಯಸೂಚಿ ಎಲ್ಲರಿಗೂ ಒಂದೇ, ಅದನ್ನು ನೇರವಾಗಿ ಬರೆಯಿರಿ. ಹೆಸರು ಬರಬೇಕಾದ ಜಾಗವನ್ನು ಖಾಲಿ ಬಿಡಿ. ಮೇಲಿಂಗ್ಸ್ ಟ್ಯಾಬ್‌ನಲ್ಲಿ ಸೆಲೆಕ್ಟ್ ರೆಸಿಪಿಯಂಟ್ಸ್ ಒತ್ತಿ, ಇರುವ ಪಟ್ಟಿ ಬಳಸುತ್ತೇನೆ ಎಂಬುದನ್ನು ಆರಿಸಿ, ನಿಮ್ಮ ಎಕ್ಸೆಲ್ ಫೈಲ್ ತೋರಿಸಿ. ಕರ್ಸರನ್ನು ಹೆಸರಿನ ಜಾಗದಲ್ಲಿಟ್ಟು ಇನ್ಸರ್ಟ್ ಮರ್ಜ್ ಫೀಲ್ಡ್‌ನಿಂದ ಹೆಸರಿನ ಕಾಲಂ ಹಾಕಿ. ಊರು, ಸದಸ್ಯತ್ವ ಸಂಖ್ಯೆಗೂ ಹಾಗೇ. ಪ್ರಿವ್ಯೂ ರಿಸಲ್ಟ್ಸ್ ಒತ್ತಿದರೆ ಮೊದಲ ಸದಸ್ಯರ ಹೆಸರು ಬಂದು ಕೂರುವುದು ಕಾಣುತ್ತದೆ. ಬಾಣದ ಗುರುತು ಒತ್ತುತ್ತಾ ಹೋದರೆ ಒಬ್ಬೊಬ್ಬರದೂ ಬರುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಫಿನಿಶ್ ಆಂಡ್ ಮರ್ಜ್‌ಗೆ ಹೋಗಿ. ಅಲ್ಲಿ ನೇರವಾಗಿ ಪ್ರಿಂಟ್ ಕೊಡುವ ಆಯ್ಕೆ ಇದೆ. ಅದನ್ನು ಒತ್ತಬೇಡಿ. ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್ ಒತ್ತಿದರೆ ಎಲ್ಲ ನೋಟಿಸ್‌ಗಳೂ ಒಂದೇ ಫೈಲಿನಲ್ಲಿ ಬರುತ್ತವೆ. ಒಮ್ಮೆ ಕಣ್ಣಾಡಿಸಿ, ಮೊದಲು ಎರಡು ಹಾಳೆ ಮಾತ್ರ ಪ್ರಿಂಟ್ ತೆಗೆದು ಸೆಕ್ರೆಟರಿ ಸರ್‌ಗೆ ತೋರಿಸಿ. ಆಮೇಲೆ ಉಳಿದದ್ದು.

ಮುಂದೆ ಬೋನಸ್ ಪತ್ರವನ್ನೂ ಹೀಗೇ ಮಾಡಲು ಹೋಗುತ್ತೀರಿ, ಆಗ ಒಂದು ವಿಚಿತ್ರ ಎದುರಾಗುತ್ತದೆ. ಎಕ್ಸೆಲ್‌ನಲ್ಲಿ 2350.40 ಎಂದಿರುವ ಮೊತ್ತ ವರ್ಡ್‌ನಲ್ಲಿ 2350.4 ಎಂದೋ, ಅದರ ಮುಂದೆ ಸೊನ್ನೆಗಳ ದೊಡ್ಡ ಬಾಲದೊಂದಿಗೋ ಬರಬಹುದು. ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರಬಹುದು. ಆಗಸ್ಟ್ 5 ಮೇ 8 ಆಗಿಬಿಡುತ್ತದೆ. ವರ್ಡ್ ಎಕ್ಸೆಲ್‌ನಿಂದ ಅಂಕಿಯನ್ನು ಮಾತ್ರ ತರುತ್ತದೆ, ನೀವು ಎಕ್ಸೆಲ್‌ನಲ್ಲಿ ಕೊಟ್ಟ ರೂಪವನ್ನು ತರುವುದಿಲ್ಲ, ಅದಕ್ಕೇ ಹೀಗೆ. ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಬದಲಿಸಿ, ಆಮೇಲೆ ಮೊತ್ತ ಮತ್ತು ದಿನಾಂಕ ತುಂಬಿ. ಲೆಕ್ಕ ಹಾಕಿ ಬಂದ ಮೊತ್ತವಾದರೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಟೆಕ್ಸ್ಟ್ ಫಾರ್ಮುಲಾದಿಂದ ಅದನ್ನು ಅಕ್ಷರ ರೂಪಕ್ಕೆ ತಂದು, ಮರ್ಜ್‌ಗೆ ಆ ಕಾಲಂ ಕೊಡಿ. ಹಣದ ಪತ್ರಗಳಲ್ಲಿ ಪ್ರಿವ್ಯೂನಲ್ಲಿ ಕೆಲವರ ಮೊತ್ತವನ್ನಾದರೂ ಲೆಡ್ಜರ್ ಜೊತೆ ಹೋಲಿಸದೆ ಪ್ರಿಂಟ್ ಕೊಡಬೇಡಿ.

ಸದಸ್ಯರ ಪಟ್ಟಿಯನ್ನು ವರ್ಡ್‌ನಲ್ಲೇ ಟೇಬಲ್ ಮಾಡಿ ಕೊಡಬೇಕಾದಾಗ ಎರಡು ವಿಷಯ ನೆನಪಿರಲಿ. ಪಟ್ಟಿ ಎರಡನೇ ಪುಟಕ್ಕೆ ಹೋದಾಗ ತಲೆಬರಹ ಅಲ್ಲೂ ಕಾಣಬೇಕು. ಮೊದಲ ಸಾಲನ್ನು ಆಯ್ಕೆ ಮಾಡಿ, ಟೇಬಲ್ಲಿನ ಲೇಔಟ್ ಟ್ಯಾಬ್‌ನಲ್ಲಿ ರಿಪೀಟ್ ಹೆಡರ್ ರೋಸ್ ಒತ್ತಿ. ಎರಡನೆಯದು, ಅಗಲವಾದ ಪಟ್ಟಿಗೆ ಹಾಳೆ ಅಡ್ಡ ಬೇಕಾಗುತ್ತದೆ. ಸುಮ್ನೆ ಲ್ಯಾಂಡ್‌ಸ್ಕೇಪ್ ಒತ್ತಿದರೆ ಇಡೀ ವರದಿಯೇ ಅಡ್ಡ ಆಗಿಬಿಡುತ್ತದೆ. ಪಟ್ಟಿಯ ಮುಂಚೆ ಮತ್ತು ಆಮೇಲೆ, ಲೇಔಟ್‌ನ ಬ್ರೇಕ್ಸ್‌ನಲ್ಲಿ ಸೆಕ್ಷನ್ ಬ್ರೇಕ್ ನೆಕ್ಸ್ಟ್ ಪೇಜ್ ಹಾಕಿ. ಆಮೇಲೆ ಆ ಭಾಗದಲ್ಲಿ ಮಾತ್ರ ಅಡ್ಡ ಮಾಡಿ.

ವಾರ್ಷಿಕ ವರದಿಯ ಕೆಲಸ ಬಂದಾಗ ಸ್ಟೈಲ್ಸ್, ಅಂದರೆ ತಲೆಬರಹ, ಪ್ಯಾರಾಗಳ ರೂಪವನ್ನು ಒಂದೇ ಕಡೆ ನಿಗದಿ ಮಾಡುವ ಸೌಲಭ್ಯ, ಕಲಿತುಕೊಳ್ಳಿ. ಅಲ್ಲಿಯವರೆಗೆ ಆತುರವಿಲ್ಲ.

ಕರೆಂಟ್ ಹೋಗುವ ಊರಿನಲ್ಲಿ ಕಂಟ್ರೋಲ್ ಎಸ್ ಒಂದು ಅಭ್ಯಾಸ ಆಗಬೇಕು. ವರ್ಡ್ ತಾನಾಗಿಯೇ ಒಂದು ನಕಲು ಇಟ್ಟುಕೊಳ್ಳುತ್ತದೆ, ಆದರೆ ಸಾಮಾನ್ಯವಾಗಿ ಅದು 10 ನಿಮಿಷಕ್ಕೊಮ್ಮೆ. ಫೈಲ್ ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಅದನ್ನು 2 ನಿಮಿಷಕ್ಕೆ ಇಳಿಸಿ. ಫೈಲಿನ ಹೆಸರಿಗೆ 'ಪತ್ರ', 'ಹೊಸ ಪತ್ರ', 'ಹೊಸ ಪತ್ರ ಫೈನಲ್' ಅಂತ ಇಡುತ್ತಾ ಹೋದರೆ ಆರು ತಿಂಗಳಲ್ಲಿ ಏನೂ ಸಿಗುವುದಿಲ್ಲ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ವಿಷಯ. ಹೀಗೆ ಹೆಸರಿಟ್ಟರೆ ಫೋಲ್ಡರಿನಲ್ಲಿ ತಾನಾಗೇ ದಿನಾಂಕದ ಪ್ರಕಾರ ಕೂರುತ್ತವೆ.

ಹೊರಗೆ ಕಳಿಸುವ ಪತ್ರವನ್ನು ಪಿಡಿಎಫ್ ಮಾಡಿ ಕಳಿಸಿ. ಸೇವ್ ಆಸ್‌ನಲ್ಲೇ ಆ ಆಯ್ಕೆ ಇದೆ. ಪಿಡಿಎಫ್‌ನಲ್ಲಿ ಸಾಲು ಜರುಗುವುದಿಲ್ಲ, ಫಾಂಟ್ ಇಲ್ಲದ ಕಡೆಯೂ ಹಾಗೇ ಕಾಣುತ್ತದೆ. ಅವರು ತಿದ್ದಿ ವಾಪಸ್ ಕಳಿಸಬೇಕು ಅಂತಿದ್ದರೆ ಮಾತ್ರ ವರ್ಡ್ ಫೈಲ್. ವಾಟ್ಸಾಪ್‌ನಲ್ಲಿ ಬಂದ ವಿಷಯವನ್ನು ಪತ್ರಕ್ಕೆ ಹಾಕುವಾಗ ಬಲ ಕ್ಲಿಕ್ ಮಾಡಿ ಕೀಪ್ ಟೆಕ್ಸ್ಟ್ ಓನ್ಲಿ ಆರಿಸಿ. ಇಲ್ಲದಿದ್ದರೆ ಅಲ್ಲಿನ ಫಾಂಟ್, ಬಣ್ಣ ಎಲ್ಲ ನಿಮ್ಮ ಪತ್ರಕ್ಕೆ ಬಂದು ಸೇರುತ್ತವೆ.

ಸಂಘದ ಕಂಪ್ಯೂಟರಿನಲ್ಲಿ ಇರುವುದು ಹಣ ಕೊಟ್ಟು ತಂದ ವರ್ಡ್ ಹೌದಾ ಅಂತ ಒಮ್ಮೆ ಕೇಳಿ ನೋಡಿ. ಅಲ್ಲದಿದ್ದರೆ ಲಿಬ್ರೆ ಆಫೀಸ್ ರೈಟರ್ ಹಾಕಿಸಿ. ಅದು ಉಚಿತ, ವರ್ಡ್ ಫೈಲುಗಳನ್ನೂ ತೆರೆಯುತ್ತದೆ. ಸದಸ್ಯರ ದುಡ್ಡಿನ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಯಾರೋ ತಂದುಕೊಟ್ಟ ಕದ್ದ ಸಾಫ್ಟ್‌ವೇರ್ ಇರಬಾರದು. ಅದರ ಜೊತೆ ವೈರಸ್ ಬರುವ ಅಪಾಯ ಜಾಸ್ತಿ. ನಾನು ಹೇಳಿದ ಟ್ಯಾಬ್, ಟೇಬಲ್, ಮೇಲ್ ಮರ್ಜ್ ಎಲ್ಲವೂ ರೈಟರ್‌ನಲ್ಲೂ ಇವೆ, ಮೆನುವಿನ ಜಾಗ ಬೇರೆ. ಅದರಲ್ಲಿ ಕನ್ನಡ ಫಾಂಟ್ ಸರಿಯಾಗಿ ಹಿಡಿಯಲು ಆಪ್ಷನ್ಸ್‌ನ ಭಾಷೆಯ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಬೇಕು.

ಹಳೆಯ ಫಾಂಟಿನಲ್ಲಿರುವ ಫೈಲುಗಳನ್ನೆಲ್ಲ ಈಗಲೇ ಬದಲಿಸಲು ಹೋಗಬೇಡಿ. ಬೇಕಾದ ಫೈಲನ್ನು ಬೇಕಾದಾಗ ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಮೊದಲು ಸದಸ್ಯರ ಪಟ್ಟಿ, ಯಾಕೆಂದರೆ ನೋಟಿಸ್‌ಗೆ ಅದೇ ಬೇಕು. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಇರುವ ಹೆಸರುಗಳನ್ನು ಸದಸ್ಯತ್ವ ರಿಜಿಸ್ಟರ್ ಜೊತೆ ಕೂತು ಹೋಲಿಸಿ. ಕೆಡುವುದಿದ್ದರೆ ಅಲ್ಲೇ ಕೆಟ್ಟಿರುತ್ತದೆ. ತಮ್ಮ ಹೆಸರು ತಪ್ಪಾಗಿರುವ ನೋಟಿಸ್ ಕೈಗೆ ಬಂದರೆ ಯಾರಿಗೂ ಬೇಸರವಾಗುತ್ತದೆ.

ಕೊನೆಗೆ ಕೋರ್ಸಿನ ಮಾತು. ಸಂಘದ ಕೆಲಸಕ್ಕೆ ಇದಿಷ್ಟೇ ಸಾಕು. ಮುಂದೆ ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸುವ ಯೋಚನೆ ಇದ್ದರೆ ಅದು ಬೇರೆ ದಾರಿ. ಟೈಪಿಸ್ಟ್ ಥರದ ಹುದ್ದೆಗಳಿಗೆ ಕನ್ನಡ ಟೈಪಿಂಗ್ ಜೂನಿಯರ್, ಸೀನಿಯರ್ ಪರೀಕ್ಷೆಗಳ ಪ್ರಮಾಣಪತ್ರ ಕೇಳುತ್ತಾರೆ. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ಅದಕ್ಕಾದರೆ ಗೌರಿಬಿದನೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಪರೀಕ್ಷೆಗೆ ಕಟ್ಟಿಸುವ ಟೈಪಿಂಗ್ ಸಂಸ್ಥೆಗೆ ಸೇರಿ. ಸೇರುವ ಮುಂಚೆ ಅಲ್ಲಿ ಯಾವ ಕೀಲಿಮಣೆ ಕಲಿಸುತ್ತಾರೆ, ಪರೀಕ್ಷೆ ಯಾವುದರಲ್ಲಿ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಎರಡೂ ಒಂದೇ ಆಗಿದ್ದರೆ ಮಾತ್ರ ಫೀಸ್ ಕಟ್ಟಿ.